ಅತಿ ಚಿಕ್ಕದು ಬೇಡ, ಕೈಗೆ ಒಪ್ಪುವುದು ಬೇಕು

ಆಯುಧ ಪರವಾನಗಿ ನವೀಕರಣದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತವೆ: ಮೈಮೇಲೆ ಯಾರಿಗೂ ಕಾಣದಂತೆ ಇಟ್ಟುಕೊಳ್ಳಲು ಎಂಥ ಆಯುಧವನ್ನು ಕೊಳ್ಳಬೇಕು? ಮೂವತ್ತೊಂದು ವರ್ಷ ಪೊಲೀಸ್ ಆರ್ಮರಿಯ (ಆಯುಧಾಗಾರದ) ಮೇಜಿನ ಮುಂದೆ ಕುಳಿತು ಪಿಸ್ತೂಲು, ರಿವಾಲ್ವರ್‌ಗಳನ್ನು ಬಿಚ್ಚಿ ಜೋಡಿಸಿದವನು ನಾನು. ಕೈಯಲ್ಲಿ ಹಿಡಿದು ತಿಳಿದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನನಗೆ 44 ವರ್ಷ. ನಗರ್ತಪೇಟೆಯಲ್ಲಿ ಚಿನ್ನದ ಕೆಲಸದ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಒಡವೆಗಳನ್ನು ಹಾಲ್‌ಮಾರ್ಕ್ ಹಾಕಿಸಲು ನಾನೇ ಬ್ಯಾಗಿನಲ್ಲಿ ಒಯ್ಯುತ್ತೇನೆ. ತಿಂಗಳಿಗೆ ಎರಡು ಸಲ ಹೊಸೂರಿನ ಅಂಗಡಿಗಳಿಗೂ ಕೊಂಡೊಯ್ಯುತ್ತೇನೆ. ಕಳೆದ ವರ್ಷ ಬೈಕಿನಲ್ಲಿ ಹಿಂಬಾಲಿಸಿ ಬಂದ ಇಬ್ಬರು ಬ್ಯಾಗಿಗೆ ಕೈ ಹಾಕಿದ್ದರು, ದೂರು ದಾಖಲಾಗಿದೆ. ಈಗ ಪಿಸ್ತೂಲು ಅಥವಾ ರಿವಾಲ್ವರ್ ಹೊಂದಲು ಪರವಾನಗಿ ಸಿಕ್ಕಿದೆ. ಅಂಗಿಯೊಳಗೆ ಅಡಗುವಂಥ ಅತಿ ಚಿಕ್ಕ ಪಿಸ್ತೂಲು ಯಾವುದು? ಗೆಳೆಯರು 9 ಎಂ.ಎಂ. ಒಳ್ಳೆಯದೆನ್ನುತ್ತಾರೆ.

ಉತ್ತರ: ಸ್ವಾಮಿ, ಪಿಸ್ತೂಲಿನ ಮಾತಿಗೆ ಮೊದಲು ಹೊಸೂರಿನ ಮಾತು. ನಿಮ್ಮ ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ಅದನ್ನು ಇವತ್ತೇ ತೆಗೆದು ಓದಿ. ಅಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ, ಅತ್ತಿಬೆಲೆ ದಾಟಿದ ಗಳಿಗೆಯಿಂದ ನಿಮ್ಮ ಸೊಂಟದಲ್ಲಿರುವುದು ಪರವಾನಗಿ ಇಲ್ಲದ ಆಯುಧ. ಹತ್ತು ನಿಮಿಷದ ಪ್ರಯಾಣದಲ್ಲಿ ನೀವು ದೂರು ಕೊಟ್ಟವರ ಸಾಲಿನಿಂದ ಆರೋಪಿಗಳ ಸಾಲಿಗೆ ಹೋಗಿಬಿಡುತ್ತೀರಿ. ಪ್ರದೇಶವನ್ನು ವಿಸ್ತರಿಸಿಕೊಡಬೇಕೆಂದು ಅರ್ಜಿ ಹಾಕಿ. ಆದೇಶ ಕೈಗೆ ಬರುವ ತನಕ ಹೊಸೂರಿಗೆ ಹೋಗುವ ದಿನ ಆಯುಧ ಮನೆಯ ತಿಜೋರಿಯಲ್ಲೇ ಇರಲಿ.

9 ಎಂ.ಎಂ. ಆಸೆಯನ್ನು ಬಿಟ್ಟುಬಿಡಿ. ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯ ಜನರಿಗೆ ಕಾನೂನು ಕೊಡದ ನಳಿಕೆಯ ಅಳತೆ. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್ ಕೊಡುವ ಪರವಾನಗಿ ನಿಷೇಧಿತವಲ್ಲದ ಬೋರಿಗೆ ಮಾತ್ರ. ಕೈಯಲ್ಲಿ ಹಿಡಿಯುವ ಆಯುಧಗಳಲ್ಲಿ ಅದರ ಅರ್ಥ ಹೆಚ್ಚುಕಡಿಮೆ .32, ಇಲ್ಲವೇ .22 (ಇಂಚಿನ ಲೆಕ್ಕ). ಹಳೆಯ .25 ಪಿಸ್ತೂಲುಗಳೂ ಅಲ್ಲಲ್ಲಿ ಮಾರಾಟಕ್ಕೆ ಬರುತ್ತವೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟವು, ನೋಡಿದರೆ ಆಸೆಯಾಗುತ್ತದೆ. ಆದರೆ ಅವುಗಳ ಗುಂಡು ಸಿಗುವುದೇ ಕಷ್ಟ. ಅಭ್ಯಾಸಕ್ಕೆ ಗುಂಡಿಲ್ಲದ ಪಿಸ್ತೂಲನ್ನು ನಂಬಿಕೊಂಡು ಬೀದಿಗೆ ಇಳಿಯಬಾರದು.

ಹಾಗಾಗಿ .32. ಇಲ್ಲಿ ಒಂದು ಎಚ್ಚರಿಕೆ ಇದೆ. ಬರಿಯ ‘.32’ ಎಂದರೆ ಎರಡು ಬೇರೆ ಬೇರೆ ಗುಂಡುಗಳು. ಪಿಸ್ತೂಲಿನದು ಗಿಡ್ಡ, ಕೇಸಿನ (ಮದ್ದು ತುಂಬಿದ ಲೋಹದ ಕೊಳವೆಯ) ಉದ್ದ 17 ಮಿಲಿಮೀಟರ್. 1899ರಲ್ಲಿ ಬ್ರೌನಿಂಗ್ ಪಿಸ್ತೂಲಿನ ಜೊತೆ ಬಂದದ್ದು. ರಿವಾಲ್ವರಿನದು ಸುಮಾರು 23 ಮಿಲಿಮೀಟರ್ ಉದ್ದ, ಹಿಂಬದಿಯಲ್ಲಿ ಎದ್ದು ಕಾಣುವ ಅಂಚು. ಒಂದರ ಬದಲು ಇನ್ನೊಂದನ್ನು ತುಂಬಬಾರದು. ಅಂಗಡಿಯಲ್ಲಿ ಪೊಟ್ಟಣವನ್ನು ತೆರೆದು ಒಂದು ಗುಂಡನ್ನು ಕೈಗೆ ತೆಗೆದುಕೊಂಡು, ಅದರ ತಳದಲ್ಲಿ ಒತ್ತಿರುವ ಅಕ್ಷರಗಳನ್ನು ಓದಿಯೇ ಹಣ ಕೊಡಿ.

ಇನ್ನು ‘ಅತಿ ಚಿಕ್ಕದು’ ಎಂಬ ನಿಮ್ಮ ಮಾತು. ಆರ್ಮರಿಗೆ ಬಂದ ಎಷ್ಟೋ ಜನ ಈ ಮಾತನ್ನು ಆಡಿದ್ದಾರೆ. ಪಿಸ್ತೂಲು ಚಿಕ್ಕದಾದಷ್ಟೂ ಅದರ ಹಿಡಿ ಗಿಡ್ಡವಾಗುತ್ತದೆ, ಕಿರುಬೆರಳಿಗೆ ಜಾಗವಿಲ್ಲದೆ ಗಾಳಿಯಲ್ಲಿ ನೇತಾಡುತ್ತದೆ. ಗುರಿ ನೋಡುವ ಮುಂದಿನ ಮೊಳೆಗೂ ಹಿಂದಿನ ಕಂಡಿಗೂ ಅಂತರ ಕಡಿಮೆಯಾಗುತ್ತದೆ. ಕೈಯ ಎಳ್ಳಷ್ಟು ನಡುಕವೂ ಗುರಿಯಲ್ಲಿ ಗೇಣಾಗುತ್ತದೆ. ನಳಿಕೆ ಗಿಡ್ಡವಾದದ್ದರಿಂದ ಗಾಬರಿಯಲ್ಲಿ ಎಡಗೈ ಬೆರಳು ಅದರ ಮುಂದಕ್ಕೇ ಹೋಗುತ್ತದೆ. ಅಡಗಿಸುವುದಕ್ಕೆ ಸುಲಭವಾದ ಪಿಸ್ತೂಲು ಹಾರಿಸುವುದಕ್ಕೆ ಕಷ್ಟ.

ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಉಕ್ಕಿನ ಭಾಗ, ಅದನ್ನು ಎಳೆಯುವ ಕಷ್ಟವೂ ಇದೆ. .32 ಪಿಸ್ತೂಲುಗಳಲ್ಲಿ ಹೆಚ್ಚಿನವುಗಳ ಒಳಗೆ ನಳಿಕೆಗೆ ಬೀಗ ಬೀಳುವ ವ್ಯವಸ್ಥೆ ಇರುವುದಿಲ್ಲ. ಗುಂಡು ಸಿಡಿದ ಕ್ಷಣದಲ್ಲಿ ಹಿಂದಕ್ಕೆ ನುಗ್ಗುವ ಒತ್ತಡವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಅದರ ಸ್ಪ್ರಿಂಗ್ ಎರಡೇ. ಪಿಸ್ತೂಲನ್ನು ಚಿಕ್ಕದು ಮಾಡಿದರೆ ಸ್ಲೈಡಿನ ತೂಕ ಇಳಿಯುತ್ತದೆ, ಆ ಕೊರತೆಯನ್ನು ತುಂಬಲು ಸ್ಪ್ರಿಂಗನ್ನು ಬಿಗಿ ಮಾಡಬೇಕಾಗುತ್ತದೆ. ಆದ್ದರಿಂದಲೇ ಆಟಿಕೆಯಂತೆ ಕಾಣುವ ಪಿಸ್ತೂಲಿನ ಸ್ಲೈಡ್ ಎಳೆಯಲು ಗಟ್ಟಿಮುಟ್ಟಾದ ಗಂಡಸೂ ಹಲ್ಲು ಕಚ್ಚುವುದನ್ನು ನೋಡಿದ್ದೇನೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಬೆರಳ ತುದಿಯಲ್ಲಿ ಚಿವುಟಿ ಎಳೆಯಬೇಡಿ. ಎಡಗೈ ಹಸ್ತವನ್ನು ಸ್ಲೈಡಿನ ಮೇಲೆ ಮಗುಚಿ, ನಾಲ್ಕು ಬೆರಳೂ ಅಂಗೈಯೂ ಸೇರಿ ಹಿಡಿದು ಹಿಂದಕ್ಕೆ ಎಳೆದು ಬಿಡಿ. ಒಂದೇ ಸಮನೆ ಹತ್ತು ಸಲ. ಆರನೆಯದಕ್ಕೇ ಕೈ ಸೋತರೆ ಅದು ನಿಮ್ಮ ಪಿಸ್ತೂಲಲ್ಲ.

ಕೈಯ ಅಳತೆಯನ್ನೂ ಅಲ್ಲಿಯೇ ನೋಡಿಕೊಳ್ಳಿ. ಆಯುಧ ಖಾಲಿ ಇದೆಯೆಂದು ಅಂಗಡಿಯವರು ತೋರಿಸಿದ ಮೇಲೆ ನೀವೂ ನೋಡಿ, ಬೆರಳು ಹಾಕಿ ಮುಟ್ಟಿ. ಹೆಬ್ಬೆರಳು ತೋರುಬೆರಳುಗಳ ನಡುವಿನ ಕವಲು ಹಿಡಿಯ ಬೆನ್ನಿನಲ್ಲಿ ಆದಷ್ಟು ಮೇಲಕ್ಕೆ ಕೂರಬೇಕು. ಹಾಗೆ ಕೂತಾಗ ತೋರುಬೆರಳ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿಗೆ ತಾನಾಗಿ ಎಟುಕಬೇಕು. ಎಟುಕಿಸಲು ಕೈ ತಿರುಚಬಾರದು. ನಿಮ್ಮದು ಸುತ್ತಿಗೆ ಹಿಡಿದ ಕೈ, ಬೆರಳುಗಳು ದಪ್ಪವಿರಬಹುದು. ದಪ್ಪ ಕೈಯವರಿಗೆ ಜರ್ಮನಿಯ ವಾಲ್ತರ್ ಪಿಪಿಕೆಯಂಥ ಪಿಸ್ತೂಲಿನ ಸ್ಲೈಡ್ ಹಿಂದೆ ಬರುವಾಗ ಹೆಬ್ಬೆರಳ ಬುಡದ ಚರ್ಮವನ್ನೇ ಕಚ್ಚುತ್ತದೆ. 1931ರಿಂದ ಹೆಸರು ಮಾಡಿದ ಒಳ್ಳೆಯ ಪಿಸ್ತೂಲು ಅದು, ಆದರೆ ಎಲ್ಲರ ಕೈಗೂ ಅಲ್ಲ.

ವಿದೇಶಿ ಪಿಸ್ತೂಲಿನ ಮಾತು ಬಂದದ್ದರಿಂದ ಹೇಳುತ್ತೇನೆ. 1980ರ ದಶಕದಲ್ಲಿ ಸಾಮಾನ್ಯ ಜನರಿಗೆ ಆಮದು ನಿಂತಿತು. ಈಗ ಮಾರಾಟಕ್ಕೆ ಬರುವ ಕೋಲ್ಟ್, ಬ್ರೌನಿಂಗ್, ವಾಲ್ತರ್‌ಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನವು, ಕೈಯಿಂದ ಕೈಗೆ ದಾಟಿ ಬಂದವು. ಹೆಸರಿಗೇ ಲಕ್ಷಾಂತರ ರೂಪಾಯಿ ಕೇಳುತ್ತಾರೆ. ಕೊಳ್ಳುವುದಾದರೆ ಮ್ಯಾಗಜಿನ್ನಿನ (ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಡಬ್ಬಿಯ) ಬಾಯಿಯ ಅಂಚುಗಳು ಬಾಗಿವೆಯೇ, ಸ್ಪ್ರಿಂಗ್ ಸೋತಿದೆಯೇ, ಆಯುಧದ ಮೇಲಿನ ನಂಬರಿಗೂ ಮಾರುವವರ ಪರವಾನಗಿಯಲ್ಲಿರುವ ನಂಬರಿಗೂ ಅಕ್ಷರ ಅಕ್ಷರ ತಾಳೆಯಾಗುತ್ತದೆಯೇ ನೋಡಿ. ಒಬ್ಬ ಪರವಾನಗಿದಾರ ಇನ್ನೊಬ್ಬನಿಗೆ ನೇರವಾಗಿ ಮಾರುವುದಾದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ‘ನಾಳೆಯೇ ಕೊಡುತ್ತೇನೆ, ಕಾಗದ ಆಮೇಲೆ ಮಾಡೋಣ’ ಎನ್ನುವವರಿಂದ ದೂರವಿರಿ.

ನಮ್ಮ ದೇಶದವುಗಳಲ್ಲಿ ಇಶಾಪುರದ ರೈಫಲ್ ಕಾರ್ಖಾನೆಯ ‘ಅಶನಿ’ .32 ಪಿಸ್ತೂಲು ಇದೆ. ಕಾನ್ಪುರದ .32 ರಿವಾಲ್ವರ್‌ಗಳಿವೆ, ಆರು ಗುಂಡಿನವು. ನೀವು ಪಿಸ್ತೂಲು ಎಂದು ಕೇಳಿದ್ದೀರಿ. ಚಪ್ಪಟೆ ಇರುವುದರಿಂದ ಅಂಗಿಯೊಳಗೆ ಅದೇ ಚೆನ್ನಾಗಿ ಅಡಗುತ್ತದೆ ಎಂಬುದು ನಿಜ; ರಿವಾಲ್ವರಿನ ಗುಂಡಿನ ಉರುಳೆ ಪಕ್ಕೆಯಲ್ಲಿ ಉಬ್ಬಿ ಕಾಣುತ್ತದೆ. ಆದರೂ ನನ್ನನ್ನು ಕೇಳಿದರೆ ನಿಮಗೆ ರಿವಾಲ್ವರ್. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡರೆ ಮ್ಯಾಗಜಿನ್ ತಟ್ಟಿ ಸ್ಲೈಡ್ ಎಳೆದು ಸರಿಪಡಿಸುವುದು ಕೈಗೆ ಅಭ್ಯಾಸವಾಗಿರಬೇಕು, ಅದಕ್ಕೆ ತಿಂಗಳು ತಿಂಗಳು ಗುಂಡು ಹಾರಿಸುವ ಅಭ್ಯಾಸದ ರೇಂಜಿಗೆ ಹೋಗಬೇಕು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಅಂಗಡಿಯಲ್ಲಿ ಕೂರುವವರು ನೀವು. ರಿವಾಲ್ವರಿನಲ್ಲಿ ಒಂದು ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಒತ್ತಿದರಾಯಿತು, ಮುಂದಿನದು ತಾನಾಗಿ ತಿರುಗಿ ಬರುತ್ತದೆ. ಟ್ರಿಗರ್ ಬಿಗಿಯಾಗಿರುತ್ತದೆ, ಉದ್ದಕ್ಕೆ ಎಳೆಯಬೇಕು; ಮೈಮೇಲೆ ಹೊರುವ ಆಯುಧದಲ್ಲಿ ನನಗೆ ಅದು ದೋಷವಾಗಿ ಕಾಣುವುದಿಲ್ಲ. ತಿಂಗಳಿಗೊಮ್ಮೆ ತಪ್ಪದೆ ರೇಂಜಿಗೆ ಹೋಗುವ ಛಲ ನಿಮ್ಮಲ್ಲಿದ್ದರೆ ಅಶನಿಯನ್ನು ಕೊಳ್ಳಿ, ನಾನು ಅಡ್ಡಿ ಹೇಳುವುದಿಲ್ಲ.

ಇಟ್ಟುಕೊಳ್ಳುವ ಬಗೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಯುಧ ಹೋಲ್‌ಸ್ಟರಿನಲ್ಲೋ (ಆಯುಧ ಇಡುವ ಒರೆ) ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಅಂದರೆ ಕಾಣದಂತೆ ಇಟ್ಟುಕೊಳ್ಳುವುದು ನಿಮ್ಮ ಇಷ್ಟದ ಮಾತಲ್ಲ, ಅದು ನಿಮ್ಮ ಕರ್ತವ್ಯ. ಹೋಲ್‌ಸ್ಟರ್ ಟ್ರಿಗರನ್ನು ಸಂಪೂರ್ಣ ಮುಚ್ಚಬೇಕು, ಬಾಯಿಯ ಬಳಿ ಗಟ್ಟಿಯಾಗಿರಬೇಕು, ಬಾಗಿದರೂ ಓಡಿದರೂ ಆಯುಧ ಜಾರಬಾರದು. ಬಲಪಕ್ಕೆಯಲ್ಲಿ, ಪ್ಯಾಂಟಿನ ಒಳಗೆ, ಎರಡು ಪದರದ ಬೆಲ್ಟಿಗೆ. ಅಂಗಿಯನ್ನು ಹೊರಗೆ ಬಿಡಿ, ಒಂದು ಅಳತೆ ದೊಡ್ಡದನ್ನೇ ಹೊಲಿಸಿ.

ಜೇಬಿನಲ್ಲಿ ಮಾತ್ರ ಇಡಬೇಡಿ. ಚುನಾವಣೆ ಬಂದಾಗ ಠಾಣೆಗಳಲ್ಲಿ ಜಮಾ ಆಗುವ ಆಯುಧಗಳನ್ನು ಪರಿಶೀಲಿಸಲು ನಮ್ಮನ್ನು ಕಳುಹಿಸುತ್ತಿದ್ದರು. ಒಮ್ಮೆ ಒಬ್ಬರು ಪ್ಯಾಂಟಿನ ಜೇಬಿನಿಂದ ಕರವಸ್ತ್ರದ ಜೊತೆಗೇ ಪಿಸ್ತೂಲನ್ನು ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದೆ. ನಳಿಕೆಯ ಬಾಯಲ್ಲಿ ಬೂದು ಬಣ್ಣದ ಹತ್ತಿಯ ಜೂಲು ಎಣ್ಣೆ ಕುಡಿದು ಮುದ್ದೆಯಾಗಿತ್ತು. ಟ್ರಿಗರಿನ ಹಿಂದೆ ಅಡಿಕೆಯ ಚೂರೊಂದು ಸಿಕ್ಕಿಕೊಂಡಿತ್ತು. ಆ ಚೂರು ಇರುವ ತನಕ ಟ್ರಿಗರ್ ಪೂರ್ತಿ ಹಿಂದಕ್ಕೆ ಬರುತ್ತಲೇ ಇರಲಿಲ್ಲ. ಬೆವರು ತಾಗುವ ಕಡೆಯೆಲ್ಲ ತುಕ್ಕು. ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯ ಗೂಡಿನಲ್ಲಿ, ಗುಂಡಿತ್ತು; ಟ್ರಿಗರನ್ನು ತಡೆಯುವ ಸೇಫ್ಟಿ ಸರಿದಿತ್ತು. ಹಿಂದಿರುವ ಅಡಿಕೆಯ ಬದಲು ಟ್ರಿಗರಿನ ಮುಂದೆ ಒಂದು ಬೀಗದ ಕೈ ನುಗ್ಗಿದ್ದರೆ ಆ ಮನುಷ್ಯನ ತೊಡೆ ಉಳಿಯುತ್ತಿರಲಿಲ್ಲ. ಅವರು ಆ ಪಿಸ್ತೂಲನ್ನು ನಾಲ್ಕು ವರ್ಷ ಹಾಗೆಯೇ ಹೊತ್ತಿದ್ದರು.

ಹಳೆಯ ಮಾದರಿಯ ಪಿಸ್ತೂಲು ಕೊಂಡರೆ ಚೇಂಬರಿನಲ್ಲಿ ಗುಂಡು ಇಟ್ಟುಕೊಂಡು ಓಡಾಡಬೇಡಿ. ಬಿದ್ದಾಗ ಸಿಡಿಯದಂತೆ ತಡೆಯುವ ಒಳಗಿನ ತಡೆ ಅವುಗಳಲ್ಲಿ ಹಲವಕ್ಕೆ ಇರುವುದಿಲ್ಲ. ಸ್ಲೈಡ್ ಎಳೆಯಲು ಒಂದು ಕ್ಷಣ ಹೆಚ್ಚು ಬೇಕಾಗುತ್ತದೆ ಎಂದು ವಾದಿಸುವವರಿದ್ದಾರೆ. ನಿಮ್ಮ ಜೀವನದಲ್ಲಿ ಆ ಕ್ಷಣ ಬರಬಹುದು, ಬಾರದಿರಬಹುದು. ಸ್ಕೂಟರಿನಿಂದ ಬೀಳುವುದು ಮಾತ್ರ ಬೆಂಗಳೂರಿನಲ್ಲಿ ಯಾರನ್ನೂ ಬಿಟ್ಟಿಲ್ಲ.

ಈಗ ಮನಸ್ಸಿನಲ್ಲಿ ಒಂದು ಚಿತ್ರ ಬರೆದುಕೊಳ್ಳಿ. ಸಂಜೆ ಆರು ಗಂಟೆ, ಅವೆನ್ಯೂ ರಸ್ತೆ. ಪುಸ್ತಕದ ರಾಶಿ, ತಳ್ಳುಗಾಡಿ, ಮದುವೆ ಸೀರೆಗೆ ಬಂದ ಹೆಂಗಸರು, ಮಕ್ಕಳು. ನಿಮ್ಮ ಬ್ಯಾಗಿಗೆ ಕೈ ಬಿತ್ತು, ನೀವು ಆಯುಧ ತೆಗೆದಿರಿ. ಅವನ ಹಿಂದೆ ಏನಿದೆ? ಗುರಿ ತಪ್ಪಿದ ಗುಂಡು ನೆಲಕ್ಕೆ ಬೀಳುವ ಮೊದಲು ಎಷ್ಟು ಜನರನ್ನು ದಾಟಬೇಕು? ಆ ರಸ್ತೆಯಲ್ಲಿ ಪಿಸ್ತೂಲು ಹಾರಿಸಲು ಸುರಕ್ಷಿತವಾದ ಒಂದೇ ಒಂದು ದಿಕ್ಕನ್ನು ನಾನು ಇದುವರೆಗೆ ಕಂಡಿಲ್ಲ. ಕಾನೂನೂ ಇದನ್ನೇ ಕೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ದರೋಡೆಯ ಸಂದರ್ಭವನ್ನೂ ಒಳಗೊಳ್ಳುತ್ತವೆ; ಆದರೆ ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದು 37ನೇ ಕಲಂ ಗೆರೆ ಎಳೆದಿದೆ. ಬ್ಯಾಗ್ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ, ಪ್ರಾಣಭಯ ಕಳೆದ ಮೇಲೆ ಹಾರಿಸಿದ ಗುಂಡಿಗೆ ಆ ಹಕ್ಕಿನ ನೆರಳು ಸಿಗುವುದು ಕಷ್ಟ.

ಚಿನ್ನಕ್ಕೆ ವಿಮೆ ಇದೆ. ಚಿನ್ನದ ವ್ಯಾಪಾರಿಗಳಿಗಾಗಿಯೇ ‘ಜ್ಯುವೆಲರ್ಸ್ ಬ್ಲಾಕ್’ ಎಂಬ ಪಾಲಿಸಿಯನ್ನು ವಿಮಾ ಕಂಪನಿಗಳು ಕೊಡುತ್ತವೆ. ಸಾಗಿಸುವಾಗಿನ ನಷ್ಟವನ್ನೂ ಸೇರಿಸಿಕೊಡುವಂತೆ ಕೇಳಿ. ಹೊರಡುವ ಹೊತ್ತನ್ನೂ ದಾರಿಯನ್ನೂ ಬದಲಿಸುತ್ತಿರಿ, ಒಬ್ಬರೇ ಹೋಗಬೇಡಿ. ಇವೆಲ್ಲ ಆದ ಮೇಲೂ ನಿಮ್ಮ ಜೀವಕ್ಕೇ ಎರಗಿದರೆ, ಆಗ ಸೊಂಟದಲ್ಲಿರುವುದು ಉಪಯೋಗಕ್ಕೆ ಬರಲಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 61 ವರ್ಷ, ಯಲಹಂಕದಲ್ಲಿ ಒಬ್ಬಳೇ ಇದ್ದೇನೆ. ಮಹಿಳೆಯರಿಗಾಗಿಯೇ ಮಾಡಿದ ಹಗುರ ರಿವಾಲ್ವರ್ ಇದೆಯಂತೆ, ಅದನ್ನು ಕೊಂಡು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೋ ಎಂದು ಮಗಳು ಹೇಳುತ್ತಾಳೆ. ನಿಮ್ಮ ಅಭಿಪ್ರಾಯ?

ಉತ್ತರ: ಅಮ್ಮಾ, ನಿಮ್ಮ ಮಗಳು ಹೇಳುತ್ತಿರುವುದು ‘ನಿರ್ಭೀಕ್’ ಇರಬೇಕು. 2014ರಲ್ಲಿ ಕಾನ್ಪುರದಿಂದ ಬಂತು; .32 ಬೋರ್, ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ ಆಸುಪಾಸು, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಇಶಾಪುರದ ‘ನಿಡರ್’ .22 ಬೋರಿನದು, ಕಾಲು ಕಿಲೋ ಮಾತ್ರ. 2023ರಲ್ಲಿ ಕಾನ್ಪುರದ್ದೇ ‘ಪ್ರಬಲ್’ ಬಂದಿತು, ಅದರ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ತುಂಬುವುದು ಸಲೀಸು.

ಹಗುರವೆಂದರೆ ಹೆಂಗಸರಿಗೆ ಸುಲಭ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಯುಧ ಹಗುರವಾದಷ್ಟೂ ಗುಂಡು ಹಾರಿದಾಗ ಕೈಯನ್ನು ಹೆಚ್ಚು ಒದೆಯುತ್ತದೆ. ಟ್ರಿಗರ್ ಹಗುರವಾಗಿರುವುದಿಲ್ಲ. ಬೆರಳ ಗೆಣ್ಣುಗಳಲ್ಲಿ ನೋವಿದ್ದರೆ ಎಳೆದು ಮುಗಿಸುವಷ್ಟರಲ್ಲಿ ನಳಿಕೆ ಪಕ್ಕಕ್ಕೆ ವಾಲಿರುತ್ತದೆ. ವ್ಯಾನಿಟಿ ಬ್ಯಾಗು ಅದಕ್ಕಿಂತ ಕೆಟ್ಟ ಜಾಗ. ನಮ್ಮ ಊರಿನಲ್ಲಿ ಕಳ್ಳ ಮೊದಲು ಕೈ ಹಾಕುವುದೇ ಬ್ಯಾಗಿಗೆ. ಕಿತ್ತುಕೊಂಡು ಹೋದರೆ ನಿಮ್ಮ ಆಯುಧ ಅವನ ಪಾಲು, ಅದರ ಲೆಕ್ಕ ಕೊಡಬೇಕಾದವರು ನೀವು. ಮೊಮ್ಮಕ್ಕಳು ಬಂದಾಗ ಚಾಕೊಲೇಟಿಗೆ ಹುಡುಕುವುದೂ ಅದೇ ಬ್ಯಾಗನ್ನು.

ಪರವಾನಗಿ ಕೊಡುವ ಮುನ್ನ ನಿಮ್ಮ ಜೀವಕ್ಕೆ ಬೆದರಿಕೆ ಏನಿದೆಯೆಂದು ಪೊಲೀಸರು ವಿಚಾರಿಸುತ್ತಾರೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ವೈದ್ಯಕೀಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಅರ್ಜಿಗೆ ಮೊದಲು ತರಬೇತಿಗೆ ಸೇರಿಕೊಳ್ಳಿ. ಪೊಲೀಸ್ ಇಲಾಖೆಯವರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಅಲ್ಲಿ ಆಯುಧ ಹಿಡಿದು, ಹಾರಿಸಿ, ಅದರ ಸದ್ದು ಕಿವಿಗೆ ಬಿದ್ದ ಮೇಲೆ ನಿಮ್ಮ ಮನಸ್ಸು ಏನು ಹೇಳುತ್ತದೋ ಅದನ್ನು ಕೇಳಿ. ನನ್ನ ಕೈಕೆಳಗೆ ಕಲಿತ ಒಬ್ಬ ತಾಯಿ ಎರಡನೆಯ ದಿನ ಬಂದು, ‘ಇದನ್ನು ಮನುಷ್ಯನ ಕಡೆಗೆ ಹಿಡಿಯಲು ನನ್ನಿಂದ ಆಗುವುದಿಲ್ಲ’ ಎಂದರು. ಅಷ್ಟು ಸ್ಪಷ್ಟವಾಗಿ ತನ್ನನ್ನು ಅರಿತುಕೊಂಡವರನ್ನು ನಾನು ಇಲಾಖೆಯಲ್ಲೂ ಹೆಚ್ಚು ಕಂಡಿಲ್ಲ. ಹಾಗೆ ಅನ್ನಿಸಿದರೆ ಆ ದುಡ್ಡಿನಲ್ಲಿ ಬಾಗಿಲಿಗೆ ಕಬ್ಬಿಣದ ಗ್ರಿಲ್, ಒಳಗಿನಿಂದ ಭದ್ರವಾದ ಬೀಗ, ಅಂಗಳಕ್ಕೆ ದೀಪ ಹಾಕಿಸಿ. 112 ಸಂಖ್ಯೆಯನ್ನು ಮೊಬೈಲಿನ ಮೊದಲ ಗುಂಡಿಗೆ ಜೋಡಿಸಿಕೊಳ್ಳಿ.

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಹನ್ನೊಂದು ವರ್ಷ ಇದ್ದು ಬೆಂಗಳೂರಿಗೆ ವಾಪಸಾಗುತ್ತಿದ್ದಾನೆ. ಅಲ್ಲಿ ಅಂಗಿಯೊಳಗೆ ಇಟ್ಟುಕೊಳ್ಳಲು ಪರ್ಮಿಟ್ ಇದೆ, 9 ಎಂ.ಎಂ. ಪಿಸ್ತೂಲು ಇದೆ. ಸಾಮಾನಿನ ಜೊತೆ ತರಬಹುದೇ? — ಜಯನಗರದ ಓದುಗರು

ಉತ್ತರ: ತರಬಾರದು. ಅಲ್ಲಿನ ಪರ್ಮಿಟ್ಟಿಗೆ ಇಲ್ಲಿ ಬೆಲೆಯಿಲ್ಲ, ಆ ಬೋರ್ ಇಲ್ಲಿ ನಿಷೇಧಿತ. ಹೊರಡುವ ಮುನ್ನ ಅಲ್ಲಿಯೇ ಕಾನೂನುಬದ್ಧವಾಗಿ ಮಾರಿ ಬರಲಿ. ಸೂಟ್‌ಕೇಸು, ಕೈಚೀಲ, ಜಾಕೆಟ್ಟಿನ ಜೇಬುಗಳನ್ನೆಲ್ಲ ಒಮ್ಮೆ ಕೊಡವಿ ನೋಡಲು ಹೇಳಿ. ಮರೆತುಹೋದ ಒಂದೇ ಒಂದು ಗುಂಡು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಅವನ ಊರಿನ ಮೊದಲ ದಿನ ಠಾಣೆಯಲ್ಲಿ ಕಳೆಯುತ್ತದೆ.

ಪ್ರಶ್ನೆ: ನಮ್ಮ ತಂದೆ ಕಳೆದ ತಿಂಗಳು ತೀರಿಕೊಂಡರು. ಅವರ ಪರವಾನಗಿಯ .32 ಪಿಸ್ತೂಲು ಬಸವನಗುಡಿಯ ಮನೆಯ ಬೀರುವಿನಲ್ಲಿದೆ. ವರ್ಷದ ಕಾರ್ಯ ಮುಗಿದ ಮೇಲೆ ನನ್ನ ಹೆಸರಿಗೆ ಮಾಡಿಸಿಕೊಳ್ಳೋಣವೆಂದಿದ್ದೇನೆ. ಅದರಲ್ಲಿ ಗುಂಡಿದೆಯೇ ಎಂದು ನೋಡುವುದು ಹೇಗೆ?

ಉತ್ತರ: ನಿಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ವರ್ಷದ ತನಕ ಕಾಯಬೇಡಿ. ಪರವಾನಗಿ ಇದ್ದದ್ದು ಅವರ ಹೆಸರಿಗೆ. ಈಗ ಆ ಪಿಸ್ತೂಲು ಪರವಾನಗಿ ಇಲ್ಲದವರ ಮನೆಯಲ್ಲಿದೆ. ವಿಳಂಬ ಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಆಯುಧ ವ್ಯಾಪಾರಿಯ ಬಳಿಯೋ ಜಮಾ ಮಾಡಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಜಮಾ ಮಾಡಿದರೆ ನಿಮ್ಮ ಹಕ್ಕು ಹೋಗುವುದಿಲ್ಲ. ವಾರಸುದಾರರಾಗಿ ನಿಮ್ಮ ಹೆಸರಿಗೆ ಪರವಾನಗಿ ಕೇಳಬಹುದು, ಬೇಡವಾದರೆ ವ್ಯಾಪಾರಿಯ ಮೂಲಕ ಮಾರಬಹುದು. ರಸೀದಿಯನ್ನು ಮರೆಯದೆ ಪಡೆಯಿರಿ. ಮರಣ ಪ್ರಮಾಣಪತ್ರ, ಮೂಲ ಪರವಾನಗಿ, ಉಳಿದ ಒಡಹುಟ್ಟಿದವರ ಒಪ್ಪಿಗೆ ಪತ್ರಗಳನ್ನು ಸಿದ್ಧ ಮಾಡಿಕೊಳ್ಳಿ.

ಗುಂಡಿದೆಯೇ ಎಂದು ನೀವು ನೋಡಬೇಡಿ. ಆಯುಧವನ್ನು ಕೈಯಲ್ಲಿ ಹಿಡಿದು ಠಾಣೆಗೆ ನಡೆದುಕೊಂಡೂ ಹೋಗಬೇಡಿ. ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ, ಆಯುಧ ಬಲ್ಲ ಸಿಬ್ಬಂದಿಯನ್ನು ಕಳುಹಿಸಲು ಕೇಳಿಕೊಳ್ಳಿ. ಅವರು ಬರುವ ತನಕ ಬೀರುವಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿಯೇ ಇರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಕೆಲಸದ ಏಳನೆಯ ವರ್ಷ. ಹೀಗೆಯೇ ತೀರಿಕೊಂಡವರ ಪಿಸ್ತೂಲನ್ನು ಅವರ ಮಗ ತಂದುಕೊಟ್ಟ. ‘ಖಾಲಿ ಇದೆ ಸರ್, ನಾನೇ ಮ್ಯಾಗಜಿನ್ ತೆಗೆದಿದ್ದೇನೆ’ ಎಂದ. ಮ್ಯಾಗಜಿನ್ ನಿಜವಾಗಿಯೂ ಅವನ ಎಡಗೈಯಲ್ಲಿತ್ತು. ನಾನು ಪಿಸ್ತೂಲನ್ನು ಮರಳು ತುಂಬಿದ ಡಬ್ಬಿಯ ಕಡೆಗೆ ತಿರುಗಿಸಿ ಸ್ಲೈಡ್ ಎಳೆದೆ. ಹಿತ್ತಾಳೆಯ ಒಂದು ಗುಂಡು ಹೊರಗೆ ಹಾರಿ ಮೇಜಿನ ಮೇಲೆ ಉರುಳುತ್ತ ಹೋಗಿ ಅವನ ಬೆರಳಿಗೆ ತಾಗಿ ನಿಂತಿತು. ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಮ್ಯಾಗಜಿನ್ ತೆಗೆದರೆ ಮುಂದೆ ಬರಬೇಕಾದ ಗುಂಡುಗಳಷ್ಟೇ ಹೋಗುತ್ತವೆ. ಚೇಂಬರಿಗೆ ಆಗಲೇ ಏರಿ ಕುಳಿತದ್ದು ಅಲ್ಲಿಯೇ ಇರುತ್ತದೆ. ಹಿಂದಿನ ರಾತ್ರಿ ಅದೇ ಪಿಸ್ತೂಲನ್ನು ತನ್ನ ತಂಗಿಗೆ ಆಡಲು ಕೊಟ್ಟಿದ್ದೆನೆಂದು ಅವನು ಆಮೇಲೆ ಹೇಳಿದ. ಇಪ್ಪತ್ತನಾಲ್ಕು ವರ್ಷದ ಬಳಿಕವೂ ಮೇಜಿನ ಮೇಲೆ ಆ ಗುಂಡು ಉರುಳಿದ ಸದ್ದು ನನ್ನ ಕಿವಿಯಲ್ಲಿದೆ.

ಪ್ರಶ್ನೆ: ಪರವಾನಗಿ ಇರುವ ರಿವಾಲ್ವರನ್ನು ಹೊಸದಾಗಿ ಕೊಂಡಿದ್ದೇನೆ. ಚರ್ಮದ ಹೋಲ್‌ಸ್ಟರಿನಲ್ಲೇ ತಿಜೋರಿಯೊಳಗೆ ಇಡುತ್ತೇನೆ. ಮಳೆಗಾಲದಲ್ಲಿ ಮೇಲೆ ಬಿಳಿಚಿದಂತಾಗಿದೆ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಸಾಕೇ? — ಮಲ್ಲೇಶ್ವರದ ಓದುಗರು

ಉತ್ತರ: ಹೋಲ್‌ಸ್ಟರ್ ಹೊರುವುದಕ್ಕೆ, ಇಡುವುದಕ್ಕಲ್ಲ. ಚರ್ಮ ಗಾಳಿಯ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಒಂದು ವಾರ ಸಾಕು, ಸೂಜಿಮೊನೆಯಷ್ಟು ತುಕ್ಕಿನ ಗುಳಿಗಳು ಬೀಳುತ್ತವೆ. ಆಯುಧವನ್ನು ಹೊರತೆಗೆದು ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಗುಂಡುಗಳನ್ನು ಬೇರೆ ಬೀಗದ ಡಬ್ಬಿಯಲ್ಲಿಡಿ. ತಿಜೋರಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ.

ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ನಿಮ್ಮ ಬಚ್ಚಲಿನ ಎಣ್ಣೆಯ ಬಾಟಲಿ ಹೇಗೆ ಬೆಣ್ಣೆಯಂತೆ ಹೆಪ್ಪುಗಟ್ಟಿರುತ್ತದೆಯೋ, ರಿವಾಲ್ವರಿನ ಸ್ಪ್ರಿಂಗುಗಳ ಸಂದಿಯಲ್ಲೂ ಹಾಗೆಯೇ ಕೂರುತ್ತದೆ. ಹಳತಾದರೆ ಅಂಟಾಗುತ್ತದೆ. ಬಂದೂಕಿನ ಎಣ್ಣೆಯನ್ನೇ ಕೊಳ್ಳಿ, ಅದು ಸಿಗದಿದ್ದರೆ ಹೊಲಿಗೆ ಯಂತ್ರದ ತಿಳಿ ಎಣ್ಣೆ. ಎರಡೇ ಹನಿ ಬಟ್ಟೆಗೆ ಹಾಕಿ ಸವರಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿಬಿಡಿ. ಕೈಗೆ ಎಣ್ಣೆ ಅಂಟಿದರೆ ಅದು ಹೆಚ್ಚಾಯಿತೆಂದು ತಿಳಿಯಿರಿ. ಗುಂಡಿನ ತಳಕ್ಕೆ ಎಣ್ಣೆ ತಾಗಬಾರದು, ಒಳಗೆ ಇಳಿದರೆ ಬೇಕಾದ ಹೊತ್ತಿನಲ್ಲಿ ಸಿಡಿಯದೆ ಹೋಗಬಹುದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಮೈಮೇಲೆ ಹೊತ್ತ ದಿನ ಬೆವರು ಒರೆಸದೆ ಒಳಗಿಡಬೇಡಿ.